ಬ್ರೌಸರ್ ಆರ್ಗನ್: ಕೀಗೊಂದು ಆಸಿಲೇಟರ್ ಬೇಡ

ನಮಸ್ಕಾರ. ವೆಬ್ ಆಡಿಯೋ (ಬ್ರೌಸರ್‌ನಲ್ಲೇ ದನಿ ಹುಟ್ಟಿಸುವ ಸೌಲಭ್ಯ) ಬಳಸಿ ನೀವು ಬರೆದ ಆರ್ಗನ್‌ನಲ್ಲಿ ಕೀ ಬಿಟ್ಟಾಗ ಟಪ್ ಅನ್ನುತ್ತದೆ, ನಾಲ್ಕು ಕೀ ಒಟ್ಟಿಗೆ ಒತ್ತಿದರೆ ದನಿ ಕರಕರ ಒಡೆಯುತ್ತದೆ ಅಂದಿದ್ದೀರಿ. ಎರಡಕ್ಕೂ ಕಾರಣ ಬೇರೆ ಬೇರೆ. ಆದರೆ ಅದಕ್ಕೂ ಮೊದಲು ನಿಮ್ಮ ಕೋಡಿನ ಬುಡವನ್ನೇ ಬದಲಿಸಿ. ಕೀ ಒತ್ತಿದಾಗೆಲ್ಲ ಒಂಬತ್ತು ಹೊಸ ಆಸಿಲೇಟರ್ (ದನಿಯ ಅಲೆ ಹುಟ್ಟಿಸುವ ಘಟಕ) ಹುಟ್ಟಿಸುತ್ತಿದ್ದೀರಿ, ಬಿಟ್ಟಾಗ ನಿಲ್ಲಿಸುತ್ತಿದ್ದೀರಿ. ನಾನೂ ಮೊದಲು ಹಾಗೇ ಮಾಡಿ ತುಂಬಾ ಒದ್ದಾಡಿದ್ದೆ.

ಹ್ಯಾಮಂಡ್ ಬಿ-3 ಎಂಬ ಹೆಸರಾಂತ ವಿದ್ಯುತ್ ಆರ್ಗನ್ ಒಳಗೆ 91 ಲೋಹದ ಚಕ್ರಗಳು ಸದಾ ತಿರುಗುತ್ತಲೇ ಇರುತ್ತವೆ. ಕೀ ಒತ್ತಿದರೆ ದನಿ ಹುಟ್ಟುವುದಿಲ್ಲ, ಆಗಲೇ ಇರುವ ದನಿಗೆ ದಾರಿ ತೆರೆಯುತ್ತದೆ ಅಷ್ಟೆ. ನೀವೂ 91 ಸೈನ್ ಆಸಿಲೇಟರ್‌ಗಳನ್ನು ಒಮ್ಮೆ ಶುರು ಮಾಡಿ ಓಡಲು ಬಿಡಿ. ಒಂದೊಂದಕ್ಕೂ ಒಂದು ಗೇನ್ ನೋಡ್ (ದನಿಯ ಮಟ್ಟ ಏರಿಸಿ ಇಳಿಸುವ ಘಟಕ), ಸೊನ್ನೆಯಲ್ಲಿ. ಮೊದಲ ಚಕ್ರ 32.7 ಹರ್ಟ್ಜ್, ಮುಂದಿನದು ಅರ್ಧ ಸ್ವರ ಮೇಲೆ, ಹೀಗೆ. ಯಾವುದೇ ಕೀ ಒತ್ತಿದಾಗ ಅಥವಾ ಬಿಟ್ಟಾಗ, ಒತ್ತಿರುವ ಕೀಗಳೆಲ್ಲ ಸೇರಿ ಪ್ರತಿ ಚಕ್ರದಿಂದ ಎಷ್ಟು ಕೇಳುತ್ತವೆ ಎಂದು ಕೂಡಿಸಿ, ಆ ಗೇನ್‌ಗೆ ಕೊಡಿ.

ಕೀಯ ಮೂಲ ಸ್ವರದಿಂದ ಒಂಬತ್ತು ಡ್ರಾಬಾರ್‌ಗಳ (ಒಂದೊಂದು ಸ್ವರ ಎಷ್ಟು ಬೆರೆಯಬೇಕೆಂದು 0ಯಿಂದ 8ರವರೆಗೆ ಎಳೆಯುವ ಸರಳುಗಳ) ದೂರ ಅರ್ಧ ಸ್ವರಗಳಲ್ಲಿ: -12, 7, 0, 12, 19, 24, 28, 31, 36. ಮೊದಲ ಕೀಯ ಮೂಲ ಸ್ವರ 13ನೇ ಚಕ್ರ. ಲೆಕ್ಕ 91 ದಾಟಿದರೆ, 91ರೊಳಗೆ ಬರುವವರೆಗೂ 12 ಕಳೆಯುತ್ತಾ ಹೋಗಿ, ಹ್ಯಾಮಂಡ್‌ನಲ್ಲೂ ಮೇಲಿನ ಸ್ವರ ಹಾಗೆಯೇ ಕೆಳಗೆ ಮಡಚಿಕೊಳ್ಳುತ್ತದೆ. ಡ್ರಾಬಾರ್ 8ರಿಂದ ಒಂದೊಂದು ಹೆಜ್ಜೆ ಇಳಿದಾಗ 0.7ರಿಂದ ಗುಣಿಸಿ, 0ಗೆ ಬಂದರೆ ಪೂರ್ತಿ ಮೌನ. ನೇರ ಎಂಟನೇ ಒಂದು ಭಾಗದಂತೆ ಇಳಿಸಿದರೆ ಕಿವಿಗೆ ಸರಿ ಅನ್ನಿಸುವುದಿಲ್ಲ.

ಈಗ ಟಪ್. ಗೇನ್ ಒಂದೇ ಸಲಕ್ಕೆ ಹಾರುವುದರಿಂದ ಅದು ಬರುತ್ತದೆ. ಗೇನ್ ಅನ್ನು ನಯವಾಗಿ ಬದಲಿಸುವ ಸೆಟ್‌ಟಾರ್ಗೆಟ್‌ಅಟ್‌ಟೈಮ್ (setTargetAtTime) ಬಳಸಿ, ಟೈಮ್ ಕಾನ್‌ಸ್ಟಂಟ್ 0.003 ಸೆಕೆಂಡ್ ಸಾಕು. ಪೂರ್ತಿ ಅಳಿಸಲು ಹೋಗಬೇಡಿ, ಹ್ಯಾಮಂಡ್‌ನ ಆ ಸಣ್ಣ ಕ್ಲಿಕ್ ಎಷ್ಟೋ ವಾದಕರಿಗೆ ಪ್ರೀತಿ, ನನಗೂ.

ಕರಕರ ಬರುವುದು ಮೊತ್ತ 1 ದಾಟುವುದರಿಂದ. ಒಂಬತ್ತೂ ಡ್ರಾಬಾರ್ ಪೂರ್ತಿ ಎಳೆದು ನಾಲ್ಕು ಕೀ ಒತ್ತಿದರೆ ಮೊತ್ತ 36ರವರೆಗೂ ಹೋಗಬಹುದು, ಅಲ್ವಾ? ಮಾಸ್ಟರ್ ಗೇನ್ 0.05ಕ್ಕೆ ಇಳಿಸಿ, ಅದರ ನಂತರ ಒಂದು ಕಂಪ್ರೆಸರ್ ನೋಡ್ (ಜೋರಾದ ದನಿಯನ್ನು ತಾನೇ ತಗ್ಗಿಸುವ ಘಟಕ) ಇಡಿ.

ಆಮೇಲೆ ಲೆಸ್ಲಿ ಸ್ಪೀಕರ್‌ನ (ಹ್ಯಾಮಂಡ್ ಜೊತೆ ಬಳಸುವ, ದನಿಯನ್ನು ಸುತ್ತಿಸುವ ಸ್ಪೀಕರ್) ಸುತ್ತುವಿಕೆ ಸೇರಿಸಿ. ದನಿಯನ್ನು ಚೂರು ತಡಮಾಡುವ ಒಂದು ಸಣ್ಣ ಡಿಲೇಯನ್ನು ನಿಧಾನ ವೇಗದಲ್ಲಿ ಸೆಕೆಂಡಿಗೆ ಸುಮಾರು 0.7 ಸಲ, ಜೋರಿನಲ್ಲಿ 6-7 ಸಲ ಅಲುಗಿಸಿ. ವೇಗ ಬದಲಿಸುವಾಗ ತಟ್ಟನೆ ಬೇಡ, ಒಂದು ಸೆಕೆಂಡಾದರೂ ಹತ್ತಲು ಬಿಡಿ. ನಿಜವಾದ ಸೊಗಸು ಆ ಏರಿಕೆಯಲ್ಲೇ ಇದೆ.

ಇನ್ನೊಂದು: ಕೀ ಒತ್ತಿರುವಾಗಲೇ ಬೇರೆ ಟ್ಯಾಬ್‌ಗೆ ಹೋದರೆ ಸ್ವರ ಸಿಕ್ಕಿಹಾಕಿಕೊಳ್ಳುತ್ತದೆ. ವಿಂಡೋದ ಬ್ಲರ್ ಈವೆಂಟ್‌ನಲ್ಲಿ ಎಲ್ಲ ಕೀಗಳನ್ನೂ ಬಿಡಿಸಿಬಿಡಿ. ಮೊದಲ ಮೂರು ಡ್ರಾಬಾರ್ ಪೂರ್ತಿ ಎಳೆದು, ಉಳಿದವು ಸೊನ್ನೆಗೆ ಇಟ್ಟು ನುಡಿಸಿ ನೋಡಿ, ಹೇಗೆ ಬಂತು ಹೇಳಿ.