ವೀಣೆ ರೆಕಾರ್ಡ್ ಮಾಡೋಕೆ ಯಾವ ರೂಮು?

ಪ್ರಶ್ನೆ: ಸರ್, ನಮ್ದು ಮೂಡಿಗೆರೆ ಹತ್ರ ತೋಟದ ಮನೆ. ಮಗಳು ನುಡಿಸೋ ವೀಣೆ ರೆಕಾರ್ಡ್ ಮಾಡಿ ಅವಳ ಮೇಷ್ಟ್ರಿಗೆ ಕಳಿಸಬೇಕು. ಮನೇಲಿ ಹೊಸದಾಗಿ ಕಟ್ಟಿಸಿರೋ ಹತ್ತು ಬೈ ಹತ್ತು ಆರ್‌ಸಿಸಿ ರೂಮು ಇದೆ, ಟೈಲ್ಸ್ ಹಾಕಿದೀವಿ, ಒಳಗೆ ಏನೂ ಇಲ್ಲ. ಹೆಂಚಿನ ಪಡಸಾಲೆ ಇದೆ. ಇನ್ನು ನಾವು ಮಲಗೋ ರೂಮು, ಸ್ವಲ್ಪ ಉದ್ದಕ್ಕಿದೆ, ಮಂಚ, ಬೀರು, ಪುಸ್ತಕ ಅಂತ ತುಂಬಿಕೊಂಡಿದೆ. ಖಾಲಿ ರೂಮಿಗೆ ಮೊಟ್ಟೆ ಟ್ರೇ ಅಂಟಿಸಿದ್ರೆ ಸ್ಟುಡಿಯೋನೇ ಆಗೋಗುತ್ತೆ ಅಂತಾರೆ ನಮ್ಮನೆಯವರು. ಏನ್ ಮಾಡ್ಲಿ?

ಉತ್ತರ: ಮಲಗೋ ರೂಮೇ ಸರಿ ಮೇಡಂ. ಮೊಟ್ಟೆ ಟ್ರೇ ತೆಳು ರಟ್ಟು, ಮೇಲಿನ ಚುರುಕು ಸದ್ದನ್ನ ಒಂಚೂರು ತಗ್ಗಿಸಬಹುದು ಅಷ್ಟೇ, ಕೆಳಗಿನ ಗುಂಯ್ ಅನ್ನೋದಕ್ಕೆ ಅದು ಲೆಕ್ಕಕ್ಕೇ ಇಲ್ಲ, ಮೇಲಾಗಿ ಬೆಂಕಿ ತಗುಲಿದ್ರೆ ದೇವರೇ ಗತಿ. ನಿಮ್ಮ ಯಜಮಾನರಿಗೆ ಬೇಜಾರಾಗದ ಹಾಗೆ ಹೇಳಿ.

ಹತ್ತು ಬೈ ಹತ್ತರ ತೊಂದರೆ ಏನಪ್ಪಾ ಅಂದ್ರೆ, ಎದುರುಬದುರು ಗೋಡೆ ಹತ್ತಡಿ ದೂರ ಇದ್ರೆ ಸುಮಾರು 56 ಹರ್ಟ್ಜ್ ನಾದ (ಸೆಕೆಂಡಿಗೆ 56 ಸಲ ಕಂಪಿಸೋ ತಗ್ಗು ಸದ್ದು), ಅದರ ಎರಡರಷ್ಟು ಮೂರರಷ್ಟು, ಆ ಗೋಡೆಗಳ ನಡುವೆ ನಿಂತು ಉಬ್ಬುತ್ತೆ. ಉದ್ದ ಅಗಲ ಎರಡೂ ಒಂದೇ ಆದ್ರೆ ಎರಡೂ ಕಡೆಯ ಉಬ್ಬು ಒಂದೇ ನಾದಕ್ಕೆ ಬಂದು ಡಬಲ್, ತಾರಸಿನೂ ಹತ್ತಡಿ ಇದ್ರಂತೂ ಮುಗೀತು. ಮಗಳದು ಎರಡೂವರೆ ಮನೆ ಶ್ರುತಿ ಅಂತಿಟ್ಕೊಳಿ, ಅನುಮಂದ್ರದ ಪಂಚಮ, ಅಂದ್ರೆ ವೀಣೇಲಿ ಎಲ್ಲಕ್ಕಿಂತ ತಗ್ಗಿನ ಸ್ವರದ ತಂತಿ, 58 ಹರ್ಟ್ಜ್ ಆಸುಪಾಸು ಬರುತ್ತೆ, ಅಂದ್ರೆ ಆ ತಂತಿ ಮೀಟಿದಾಗೆಲ್ಲ ರೂಮೂ ಜೊತೆಗೆ ಹಾಡೋಕೆ ಶುರು ಮಾಡುತ್ತೆ, ಅದೇ ಮೈಕನ್ನ ನಟ್ಟನಡುವೆ ಇಟ್ರೆ ಆ ನಾದ ತೆಳ್ಳಗಾಗಿ ಎಲ್ಲೋ ಹೋದಂಗಿರುತ್ತೆ. ಆ ಖಾಲಿ ರೂಮಲ್ಲಿ ನಿಂತು ಒಂದು ಚಪ್ಪಾಳೆ ಹೊಡೀರಿ, ಟ್ರ್‌ರ್ರ್ ಅಂತ ಬಾಲ ಬರುತ್ತೆ ನೋಡಿ, ಗಮಕದ ಮೇಲೆಲ್ಲ ಅದು ಕೂತ್ಕೊಳ್ಳುತ್ತೆ.

ಪಡಸಾಲೆ ನನಗೇನೋ ಇಷ್ಟ. ಇಳಿಜಾರು ಮಾಡು, ಮರದ ತೊಲೆ, ಸದ್ದು ಚೆನ್ನಾಗಿ ಹರಡುತ್ತೆ. ಆದ್ರೆ ಮಲೆನಾಡಲ್ಲಿ ಜೂನ್‌ನಿಂದ ಹೆಂಚಿನ ಮೇಲೆ ಮಳೆ, ಮಳೆ ಬಿಟ್ರೆ ಕಪ್ಪೆ, ಸಂಜೆ ಆಯ್ತೂಂದ್ರೆ ಜೀರುಂಡೆ, ಕಾಫಿ ಕೊಯ್ಲಲ್ಲಿ ಪಲ್ಪರ್ ಮಷೀನು. ಹಾಗಾಗಿ ಮೂರೂ ಕಡೆ ಒಂದೇ ಹೊತ್ತಲ್ಲಿ ಒಂದೊಂದು ನಿಮಿಷ ಬರೀ ಮೌನ ರೆಕಾರ್ಡ್ ಮಾಡಿ ಹೆಡ್‌ಫೋನಲ್ಲಿ ಕೇಳಿ, ಅಡುಗೆಮನೆ ಫ್ರಿಜ್ಜು ಗೋಡೆ ದಾಟಿ ಬಂದಿರೋದು ಆವಾಗ ಗೊತ್ತಾಗುತ್ತೆ.

ಮಲಗೋ ರೂಮಲ್ಲಿ ಹತ್ತಿ ಹಾಸಿಗೆ, ಪುಸ್ತಕ ಎಲ್ಲಾ ಸದ್ದನ್ನ ಕುಡಿದು ಚೆಲ್ಲಾಪಿಲ್ಲಿ ಮಾಡ್ತವೆ. ಕಾಟ ಕೊಡೋದು ಕಬ್ಬಿಣದ ಬೀರು. ಮಗಳಿಗೆ ಹೇಳಿ ನುಡಿಸೋ ನಾಲ್ಕೂ ತಂತಿ ಬಿಡಿಯಾಗಿ ಮೀಟಿಸಿ, ಆಮೇಲೆ ಸಾರಣಿ (ಮೊದಲನೇ ತಂತಿ) ಮೇಲೆ ಮೆಟ್ಟಿಲು ಮೆಟ್ಟಿಲಾಗಿ ನಿಧಾನ ನುಡಿಸ್ಲಿ, ನೀವು ಬೀರುಗೆ ಕಿವಿ ಕೊಟ್ಟು ನಿಂತ್ಕೊಳಿ. ಯಾವುದೋ ಒಂದು ಸ್ವರಕ್ಕೆ ಒಳಗಿನ ಹ್ಯಾಂಗರೋ ಬಾಗಿಲ ಕನ್ನಡಿಯೋ ಝುಂ ಅನ್ನುತ್ತೆ. ಅಲ್ಲಿಗೆ ಬಟ್ಟೆ ತುರುಕಿ. ಗೋಡೆ ಗಡಿಯಾರ ಆಚೆ ಇಡಿ.

ಕೂರಿಸೋದು ಮೂಲೆಲೂ ಬೇಡ ನಡುವೆನೂ ಬೇಡ, ರೂಮಿನ ಉದ್ದದಲ್ಲಿ ಮೂರನೇ ಒಂದು ಭಾಗಕ್ಕೆ ಜಮಖಾನ ಹಾಸಿ. ಮೈಕು ಒಂದೂವರೆ ಎರಡು ಅಡಿ ದೂರ, ಕುದುರೆಗೂ (ತಂತಿಗಳು ಕೂರೋ ಸೇತುವೆ) ಮೀಟೋ ಬೆರಳಿಗೂ ನಡುವೆ ನೋಡೋ ಹಾಗೆ. ತೀರಾ ಹತ್ರ ತಂದ್ರೆ ಬರೀ ಉಗುರು ಕೇಳುತ್ತೆ, ದೂರ ಹೋದಷ್ಟೂ ರೂಮು ಕೇಳುತ್ತೆ. ಮೈಕಿನ ಹಿಂದೆ ಒಂದು ಹಾಸಿಗೆ ಒರಗಿಸಿ ನಿಲ್ಲಿಸಿ, ಖರ್ಚಿಲ್ಲ.

ಪ್ರಶ್ನೆ: ಹಾಸನದ ಬಿ.ಎಂ. ರಸ್ತೆ ಪಕ್ಕದಲ್ಲೇ ಮನೆ. ಪಿಟೀಲು ರೆಕಾರ್ಡ್ ಮಾಡುವಾಗ ಮೊಬೈಲಲ್ಲಿ ತಂಬೂರಿ ಆಪ್ ಹಾಕ್ಕೊಬಹುದಾ?

ಉತ್ತರ: ಹಾಕ್ಕೊಳಿ, ಆದ್ರೆ ಇಯರ್‌ಫೋನಲ್ಲಿ, ಒಂದೇ ಕಿವಿಗೆ. ಸ್ಪೀಕರಲ್ಲಿ ಬಿಟ್ರೆ ಅದೂ ಪಿಟೀಲಿನ ಜೊತೇಲೇ ಅಚ್ಚಾಗುತ್ತೆ, ಆಮೇಲೆ ಕಿತ್ತು ತೆಗೆಯೋಕಾಗಲ್ಲ. ರಸ್ತೆ ಕಡೆ ಕಿಟಕಿ ಇಲ್ಲದ ಹಿಂದಿನ ರೂಮು ನೋಡ್ಕೊಳಿ, ಬೆಳಗಿನ ಜಾವ ಕೂತ್ಕೊಳಿ, ಫ್ಯಾನ್ ಆಫ್.