ಹಿಪ್ ಕೀಲಿನ ಲೋಹದಿಂದ ಕಣ್ಣು ಮಂಜಾಗುತ್ತಾ?

ಪ್ರಶ್ನೆ: ಅಮ್ಮನಿಗೆ 64 ವರ್ಷ. 2009ರಲ್ಲಿ ಎಡಗಡೆ ಹಿಪ್ ಬದಲಿಸಿದ್ದಾರೆ. ಒಂದು ವರ್ಷದಿಂದ ಎರಡೂ ಕಣ್ಣು ಮಂಜು. ಬಣ್ಣ ಮಾಸಿದ ಹಾಗೆ ಕಾಣುತ್ತೆ ಅಂತಾರೆ. ಕಿವಿಯಲ್ಲಿ ಗುಂಯ್ ಅನ್ನುವ ಸದ್ದು. ಪೊರೆ ತೆಗೆಸಿದರೂ ಸರಿಹೋಗಲಿಲ್ಲ. ಇದಕ್ಕೆ ಕೀಲಿನ ಲೋಹ ಕಾರಣವಿರಬಹುದೇ? ನನಗೂ ಮೊಣಕಾಲು ಬದಲಿಸಬೇಕಂತೆ, ಭಯವಾಗಿದೆ.
– ಓದುಗರು, ದಾವಣಗೆರೆ

ಉತ್ತರ: ಇರಬಹುದು. ಇದು ಬಹಳ ಅಪರೂಪ, ಆದರೆ ಅಮ್ಮನ ವಿಷಯದಲ್ಲಿ ಖಂಡಿತ ನೋಡಲೇಬೇಕು. ಕಣ್ಣಿನ ಜೊತೆ ಕಿವಿಯ ತೊಂದರೆಯೂ ಇದೆಯಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಆ ಕಾಲದ ಕೆಲವು ಹಿಪ್ ಕೀಲುಗಳಲ್ಲಿ ಗುಂಡು, ಬಟ್ಟಲು ಎರಡೂ ಕೋಬಾಲ್ಟ್-ಕ್ರೋಮಿಯಂ ಲೋಹದವು. ನಡೆದಾಗೆಲ್ಲ ಒಂದಕ್ಕೊಂದು ಉಜ್ಜಿ ಸಣ್ಣ ಕಣಗಳು ಉದುರುತ್ತವೆ, ಕೋಬಾಲ್ಟ್ ರಕ್ತಕ್ಕೆ ಸೇರುತ್ತದೆ. ಮೂತ್ರಪಿಂಡ ಅದನ್ನು ಹೊರಹಾಕುತ್ತದೆ. ಉದುರುವುದು ಜಾಸ್ತಿಯಾದರೆ, ಇಲ್ಲವೇ ಮೂತ್ರಪಿಂಡ ಸೋತರೆ, ಅದು ಮೈಯಲ್ಲೇ ಉಳಿದು ಕಣ್ಣಿನ ನರ, ರೆಟಿನಾ (ಕಣ್ಣಿನ ಒಳಪರದೆ), ಕಿವಿ, ಥೈರಾಯ್ಡ್, ಹೃದಯಕ್ಕೆ ಪೆಟ್ಟು ಕೊಡುತ್ತದೆ. ಇಂಥ ಕೀಲುಗಳಲ್ಲಿ ಒಂದಾದ ಡೆಪ್ಯು ಕಂಪನಿಯ ಎಎಸ್‌ಆರ್ ಮಾದರಿಯನ್ನು ಕಂಪನಿಯೇ 2010ರಲ್ಲಿ ಹಿಂದಕ್ಕೆ ಪಡೆಯಿತು. ಅದನ್ನು ಭಾರತದಲ್ಲೂ ಸಾವಿರಾರು ಜನರಿಗೆ ಹಾಕಲಾಗಿತ್ತು.

ಹಾಗಾಗಿ ಮೊದಲು ಹಳೆಯ ಫೈಲು ಹುಡುಕಿ. ಆಪರೇಷನ್ ವಿವರದ ಹಾಳೆಯಲ್ಲಿ ಸಾಮಾನ್ಯವಾಗಿ ಕೀಲಿನ ಸ್ಟಿಕ್ಕರ್ ಅಂಟಿಸಿರುತ್ತಾರೆ. ಕಂಪನಿ, ಮಾದರಿ, ಬ್ಯಾಚ್ ನಂಬರ್ ಅದರಲ್ಲೇ ಸಿಗುತ್ತವೆ. ಆಮೇಲೆ ರಕ್ತದಲ್ಲಿ ಕೋಬಾಲ್ಟ್, ಕ್ರೋಮಿಯಂ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿ. ಇದಕ್ಕೆ ಬೇರೆಯದೇ ಟ್ಯೂಬ್ ಬೇಕು, ಲ್ಯಾಬಿನವರಿಗೆ ಮೊದಲೇ ತಿಳಿಸಿ. ಬ್ರಿಟನ್‌ನಲ್ಲಿ ಇವೆರಡರಲ್ಲಿ ಒಂದು ಲೀಟರಿಗೆ 7 ಮೈಕ್ರೋಗ್ರಾಂ ದಾಟಿದರೆ ಹೆಚ್ಚಿನ ತಪಾಸಣೆಗೆ ಕಳಿಸುತ್ತಾರೆ. ಕಣ್ಣು ಕೆಟ್ಟ ಹಲವರಲ್ಲಿ ಕೋಬಾಲ್ಟ್ ನೂರನ್ನೂ ಮೀರಿತ್ತು.

ಕಣ್ಣಿನ ಡಾಕ್ಟರಿಗೆ ಹಿಪ್ ಆಪರೇಷನ್ ವಿಷಯ ನೀವಾಗಿಯೇ ಹೇಳಿ, ಅವರು ಕೇಳದೇ ಇರಬಹುದು. ಬಣ್ಣದ ದೃಷ್ಟಿ, ವಿಷುವಲ್ ಫೀಲ್ಡ್ (ಸುತ್ತ ಎಷ್ಟು ಕಾಣುತ್ತದೆ ಎಂಬ ಪರೀಕ್ಷೆ), ಓಸಿಟಿ (ರೆಟಿನಾದ ಪದರಗಳ ಸ್ಕ್ಯಾನ್), ವಿಇಪಿ (ಕಣ್ಣಿಂದ ಮೆದುಳಿಗೆ ಹೋಗುವ ಸಂಕೇತದ ಪರೀಕ್ಷೆ), ಇಆರ್‌ಜಿ (ರೆಟಿನಾ ಬೆಳಕಿಗೆ ಸ್ಪಂದಿಸುವುದರ ಪರೀಕ್ಷೆ) ಮಾಡಿದರೆ ನರ, ರೆಟಿನಾ ಹೇಗಿವೆ ಅಂತ ಗೊತ್ತಾಗುತ್ತದೆ. ಎಲ್ಲವನ್ನೂ ಲೋಹದ ಮೇಲೆ ಹಾಕುವುದೂ ಬೇಡ. ಬಿ12 ವಿಟಮಿನ್ ಕೊರತೆ, ಗ್ಲಾಕೋಮಾ (ಸಾಮಾನ್ಯವಾಗಿ ಕಣ್ಣಿನ ಒತ್ತಡ ಹೆಚ್ಚಿ ಬರುವ ಕಾಯಿಲೆ), ಟಿಬಿಗೆ ಕೊಡುವ ಎಥಾಂಬ್ಯುಟಾಲ್ ಮಾತ್ರೆ ಕೂಡ ಕಣ್ಣಿನ ನರವನ್ನು ಕೆಡಿಸುತ್ತವೆ.

ಆದರೆ ತಡ ಮಾಡಬೇಡಿ. ಜರ್ಮನಿಯ ಮಾರ್ಬರ್ಗ್‌ನಲ್ಲಿ 2012ರಲ್ಲಿ ಒಬ್ಬ ರೋಗಿ ಬಂದರು. ಮುರಿದ ಸೆರಾಮಿಕ್ ಹಿಪ್ ತೆಗೆದು ಅವರಿಗೆ ಲೋಹದ ಗುಂಡು ಹಾಕಿದ್ದರು. ಒಳಗೆ ಉಳಿದಿದ್ದ ಸೆರಾಮಿಕ್ ಚೂರುಗಳು ಆ ಗುಂಡನ್ನೇ ಕೆರೆದು ಸವೆಸಿದ್ದವು. ಹೃದಯ ಸೋತಿತ್ತು, ಕಣ್ಣು ಕಿವಿ ಹೆಚ್ಚುಕಮ್ಮಿ ಹೋಗಿದ್ದವು. ಲೋಹ ತೆಗೆದ ಮೇಲೆ ಹೃದಯ ಚೇತರಿಸಿಕೊಂಡಿತು, ಆದರೆ ದೃಷ್ಟಿ ಮರಳಿದ್ದು ಸ್ವಲ್ಪವೇ. ಕೋಬಾಲ್ಟ್ ಜಾಸ್ತಿ ಇದ್ದರೆ ಕೀಲು ಬದಲಿಸುವುದೇ ಮುಖ್ಯ ಚಿಕಿತ್ಸೆ. ಅದನ್ನು ಮೂಳೆ ಡಾಕ್ಟರು, ಕಣ್ಣಿನ ಡಾಕ್ಟರು ಕೂಡಿ ನಿರ್ಧರಿಸಬೇಕು. ಅಮ್ಮನಿಗೆ ಏದುಸಿರು, ಕಾಲು ಊತ ಇದ್ದರೆ ಹೃದಯದ ಎಕೋ ಕೂಡಲೇ ಆಗಲಿ.

ನಿಮ್ಮ ಮೊಣಕಾಲಿನ ಬಗ್ಗೆ ಇಷ್ಟು ಭಯ ಬೇಡ. ಅಲ್ಲಿ ಲೋಹ ಉಜ್ಜುವುದು ಪ್ಲಾಸ್ಟಿಕ್ ಪದರದ ಮೇಲೆ, ಲೋಹದ ಮೇಲಲ್ಲ. ಮೂತ್ರಪಿಂಡದ ಕಾಯಿಲೆ ಅಥವಾ ಲೋಹದ ಅಲರ್ಜಿ ಇದ್ದರೆ ಆಪರೇಷನ್‌ಗೆ ಮುಂಚೆಯೇ ಸರ್ಜನ್‌ಗೆ ಹೇಳಿಬಿಡಿ.