ಹಳೇ ಮಾಡೆಲ್ ಎ ಫೋರ್ಡ್ ಕಾರಿನ ಮೂರನೇ ಗೇರ್ ತಾನಾಗೇ ಕಳಚಿ ನ್ಯೂಟ್ರಲ್ಲಿಗೆ ಹಾರುತ್ತಿದೆ. ಗೇರ್‌ಬಾಕ್ಸ್ ಬಿಚ್ಚಿ ರಿಪೇರಿ ಮಾಡಲೇ, 1939ರ ಫೋರ್ಡಿನ ಗೇರ್‌ಬಾಕ್ಸ್ ಹಾಕಲೇ?

ಎರಡೂ ಬೇಡ. ಸದ್ಯಕ್ಕೆ ಗೇರ್‌ಬಾಕ್ಸಿನೊಳಗೆ ಕೈ ಹಾಕಲೇಬೇಡಿ.

"ಎಂಜಿನ್ ಬಿಚ್ಚಿ ಕೂಡಿಸಿದ ಮೇಲೆ ಶುರುವಾಯಿತು" ಅಂತ ಕೊನೆಯಲ್ಲಿ ಬರೆದಿದ್ದೀರಲ್ಲ, ಉತ್ತರ ಅಲ್ಲೇ ಇದೆ. ಐದು ವರ್ಷದ ಹಿಂದೆ ಇದೇ ಮಾತನ್ನು ನಾನೂ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಹೇಳುತ್ತಿದ್ದವನ ಕಿವಿಗೇ ಅದು ಬಿದ್ದಿರಲಿಲ್ಲ, ಅಷ್ಟೇ.

ನಾನು ತೀರ್ಥಹಳ್ಳಿ ಕಡೆಯವನು. ಡೆಟ್ರಾಯಿಟ್ ಪಕ್ಕದ ಒಂದು ಊರಿನಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ಹೊಟ್ಟೆಪಾಡು ಏನಪ್ಪಾ ಅಂದರೆ, ಭಾರ ಬಿದ್ದಾಗ ಗೇರ್‌ಬಾಕ್ಸಿನ ಹೌಸಿಂಗ್, ಅಂದರೆ ಹೊರಕವಚ, ಎಷ್ಟು ಬಾಗುತ್ತದೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕೋದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ನಗುವುದಕ್ಕೆ ಬೇಕಾಗುತ್ತದೆ.

ಗಾಡಿ 1930ರ ಮಾಡೆಲ್ ಎ ಕೂಪೆ. ನನಗಿಂತ ಮುಂಚೆ ಯಾರೋ ಮಡ್‌ಗಾರ್ಡ್ ಕಿತ್ತು, ಮುಂಭಾಗ ತಗ್ಗಿಸಿ ಹಾಟ್ ರಾಡ್, ಅಂದರೆ ವೇಗಕ್ಕೆಂದು ಮಾರ್ಪಡಿಸಿದ ಹಳೇ ಕಾರು, ಮಾಡಿಟ್ಟಿದ್ದರು. ಪುಣ್ಯಕ್ಕೆ ನಾಲ್ಕು ಸಿಲಿಂಡರಿನ ಎಂಜಿನ್ ಉಳಿದಿತ್ತು. ಅದನ್ನು ಕಿತ್ತು ಎಂಟು ಸಿಲಿಂಡರಿನ ವಿ8 ಹಾಕಿ ಅನ್ನುವವರು ನಿಮಗೂ ಸಿಕ್ಕಿರುತ್ತಾರೆ. ಕಿವಿಗೆ ಹಾಕಿಕೊಳ್ಳಬೇಡಿ. ಫೋರ್ಡಿನ ವಿ8 ಬಂದದ್ದೇ 1932ರಲ್ಲಿ. ಅದಕ್ಕೂ ಮುಂಚೆ ಕ್ಯಾಲಿಫೋರ್ನಿಯಾದ ಮ್ಯೂರಾಕ್ ಎಂಬ ಒಣಗಿದ ಕೆರೆಯಂಗಳದಲ್ಲಿ ಹುಡುಗರು ಧೂಳೆಬ್ಬಿಸಿದ್ದು ಇವೇ ನಾಲ್ಕು ಸಿಲಿಂಡರಿನ ಫೋರ್ಡುಗಳಲ್ಲಿ. ವೇಗ ಹೆಚ್ಚಲಿ ಅಂತ ವಿನ್‌ಫೀಲ್ಡ್ ಹೆಡ್ಡು (ಸಿಲಿಂಡರಿನ ಮುಚ್ಚಳ), ವಿನ್‌ಫೀಲ್ಡ್ ಕಾರ್ಬುರೇಟರು, ಜೇಬು ಗಟ್ಟಿ ಇದ್ದವರಿಗೆ ರೈಲಿಯ ಓವರ್‌ಹೆಡ್ ವಾಲ್ವು. ಹಾಟ್ ರಾಡ್ ಎಂಬ ಹೆಸರಿಗಿಂತ ಹಳೆಯ ಚಟ ಅದು.

ನೀವು ಮಾಡಿದ್ದೂ ನಾನು ಮಾಡಿದ್ದೂ ಹೆಚ್ಚುಕಮ್ಮಿ ಒಂದೇ. 200.5 ಘನ ಇಂಚಿನ, ಅಂದರೆ 3.3 ಲೀಟರಿನ ಎಂಜಿನ್. ಕಾರ್ಖಾನೆಯಿಂದ ಹೊರಬಿದ್ದಾಗ 40 ಅಶ್ವಶಕ್ತಿ, ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಗಾಳಿ ಪೆಟ್ರೋಲನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವ ಲೆಕ್ಕ, ಬರೀ 4.22. ನಾನು ಅದನ್ನು 6ರ ಹತ್ತಿರಕ್ಕೆ ಏರಿಸುವ ಹೆಡ್ ಹಾಕಿದೆ. ಬ್ಯಾಬಿಟ್ ಎಂಬ ಮೆತು ಲೋಹದ ಬೇರಿಂಗನ್ನು ಹೊಸದಾಗಿ ಹೊಯ್ಯಿಸಿದೆ. ಎಂಜಿನ್ನಿನ ಹಿಂದೆ ತಿರುಗುವ, ಸುಮಾರು 63 ಪೌಂಡ್ ತೂಗುವ ಚಕ್ರ ಫ್ಲೈವೀಲನ್ನು ಲೇತಿಗೆ ಕೊಟ್ಟು 40ಕ್ಕೆ ಇಳಿಸಿದೆ. ಎರಡು ಚಳಿಗಾಲ ಇದಕ್ಕೇ ಹೋಯಿತು. ಮೇ ತಿಂಗಳಲ್ಲಿ ಗಾಡಿ ಹೊರಗೆ ತೆಗೆದಾಗ, ಅಲ್ಲಿಯವರೆಗೆ ಗ್ಯಾರೇಜಿನ ಕಡೆ ತಲೆ ಹಾಕದ ಹೆಂಡತಿಯೂ ಆ ಸದ್ದು ಕೇಳಿ ಬಾಗಿಲಿಗೆ ಬಂದು ನಿಂತಳು. ಮೂರನೇ ಗೇರಿನಲ್ಲಿ ಒಂದು ಮೈಲಿ ಹೋಗಿದ್ದೆ. ಸ್ಟಾಪ್ ಬೋರ್ಡ್ ಕಂಡು ಆಕ್ಸಿಲರೇಟರಿನಿಂದ ಕಾಲು ತೆಗೆದೆ ನೋಡಿ, ಲಿವರ್ ಟಕ್ ಅಂತ ತಾನೇ ನ್ಯೂಟ್ರಲ್ಲಿಗೆ ಬಂದು ನಿಂತಿತು.

ಚಿಕ್ಕಂದಿನಲ್ಲಿ ಸೋದರಮಾವನ ಜೀಪಿನಲ್ಲಿ ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಇಳಿದವನು ನಾನು. ಇಳಿಜಾರಿನಲ್ಲಿ ಗೇರ್ ತಪ್ಪಿದರೆ ಏನಾಗುತ್ತದೆ ಅಂತ ಯಾರೂ ಹೇಳಿಕೊಡಬೇಕಿಲ್ಲ. ಮಿಷಿಗನ್ ಊಟದ ತಟ್ಟೆಯ ಹಾಗೆ ಚಪ್ಪಟೆ, ಅದಕ್ಕೇ ಬಚಾವಾದೆ. ಬ್ರೇಕು ಬೇರೆ ಸರಳಿನಿಂದ ಎಳೆಯುವ ಹಳೇ ಕಾಲದ್ದು.

ಮೊದಲು ಗೇರ್ ಲಿವರಿನ ಬುಡದ ಸ್ಪ್ರಿಂಗು, ಪ್ಲಂಜರು ಬದಲಿಸಿದೆ. ಒಂದು ಸಂಜೆಯ ಕೆಲಸ. ಏನೂ ಆಗಲಿಲ್ಲ. ಆಮೇಲೆ ಗೇರ್‌ಬಾಕ್ಸೇ ಸವೆದಿದೆ ಅಂತ ತೀರ್ಮಾನಿಸಿದೆ. ಮಾಡೆಲ್ ಎಯಲ್ಲಿ ಗೇರ್‌ಬಾಕ್ಸ್ ಇಳಿಸೋದು ಅಂದರೆ ಏನು ಅಂತ ನಿಮಗೆ ಗೊತ್ತಿರಬಹುದು, ಗೊತ್ತಿಲ್ಲದಿದ್ದರೆ ಈಗಲೇ ತಿಳಿದುಕೊಳ್ಳಿ. ಡ್ರೈವ್‌ಶಾಫ್ಟ್ ಒಂದು ಕೊಳವೆಯೊಳಗೆ ಕೂತಿದೆ, ಆ ಕೊಳವೆ ಹಿಂದಿನ ಆಕ್ಸಲ್ಲಿಗೆ ಬೋಲ್ಟಾಗಿದೆ. ಅಂದರೆ ಒಂದೋ ಎಂಜಿನ್ ಮುಂದಕ್ಕೆ ಎತ್ತಬೇಕು, ಇಲ್ಲವೇ ಸ್ಪ್ರಿಂಗು, ಬ್ರೇಕಿನ ಸರಳು ಎಲ್ಲ ಬಿಚ್ಚಿ ಹಿಂದಿನ ಆಕ್ಸಲ್ಲನ್ನು ಕೊಳವೆ ಸಮೇತ ಹಿಂದಕ್ಕೆ ಉರುಳಿಸಬೇಕು. ಒಬ್ಬನೇ, ಒಂದೇ ಕಾರು ಹಿಡಿಯುವ ಗ್ಯಾರೇಜಿನಲ್ಲಿ, ಬಾಡಿಗೆ ಜಾಕಿನ ಮೇಲೆ ಮಾಡಿದೆ. ಹೊಸ ಗೇರು, ಹೊಸ ಬೇರಿಂಗು ಸೇರಿ 900 ಡಾಲರ್ ಕೈ ಬಿಟ್ಟಿತು. ಜುಲೈನಲ್ಲಿ ಕೂಡಿಸಿ ಹೊರಟೆ. ಎರಡು ಮೈಲಿ. ಟಕ್.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನಾನು ಎಮ್ಮೆಗೆ ಎರಡನೇ ಸಲವೂ ಬರೆ ಹಾಕುವವನಿದ್ದೆ. 1939ರ ಗೇರ್‌ಬಾಕ್ಸಿಗೆ ಮುಂಗಡ ಕೊಡಲು ಫೋನ್ ಕೂಡ ಮಾಡಿದ್ದೆ.

ನಮ್ಮ ಪಕ್ಕದ ಬೀದಿಯಲ್ಲಿ ಟೂಲ್ ರೂಮಿನಲ್ಲಿ ನಲವತ್ತು ವರ್ಷ ದುಡಿದ ಒಬ್ಬ ಅಜ್ಜ ಇದ್ದಾರೆ. ನಾಯಿ ಕರೆದುಕೊಂಡು ಹೋಗುತ್ತಾ ನನ್ನ ಗ್ಯಾರೇಜಿನ ಮುಂದೆ ನಿಂತರು. ಪೂರ್ತಿ ಪುರಾಣ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: ಫ್ಲೈವೀಲ್ ಹೌಸಿಂಗಿನ ಮೇಲಿನ ಎರಡು ಬೋಲ್ಟಿಗೆ ಶಿಮ್ ಹಾಕಿದ್ದೀಯಾ?

"ಯಾವ ಶಿಮ್?" ಅಂದೆ.

ಅಜ್ಜ ಮಾತಾಡಲಿಲ್ಲ. ನಾಯಿಯನ್ನು ಮನೆಗೆ ಬಿಟ್ಟು ಕೂದಲೆಳೆಯಷ್ಟು ಅಂತರವನ್ನೂ ಅಳೆಯುವ ಡಯಲ್ ಗೇಜ್ ತಂದರು.

ಈಗ ಇದನ್ನು ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ, ನನ್ನ ಒಂದು ಬೇಸಿಗೆ ಪೂರ್ತಿ ಇದರಲ್ಲಿ ಹೂತುಹೋಗಿದೆ. ಎಂಜಿನ್ ಬ್ಲಾಕಿನ ಹಿಂಬದಿಗೆ ಫ್ಲೈವೀಲ್ ಹೌಸಿಂಗ್ ಬೋಲ್ಟಾಗುತ್ತದೆ. ಅದರ ಹಿಂದೆ ಗೇರ್‌ಬಾಕ್ಸ್. ಬ್ಲಾಕಿಗೂ ಹೌಸಿಂಗಿಗೂ ನಡುವೆ ಎಣ್ಣೆ ಸೋರದಿರಲಿ ಅಂತ ಕುದುರೆ ಲಾಳದ ಆಕಾರದ ಒಂದು ಪ್ಯಾಕಿಂಗ್ ಬರುತ್ತದೆ. ಅದು ಇರುವುದು ಕೆಳಗಿನ ಭಾಗಕ್ಕೆ ಮಾತ್ರ. ಮೇಲೆ ಎಣ್ಣೆ ಇಲ್ಲ, ಹಾಗಾಗಿ ಪ್ಯಾಕಿಂಗೂ ಇಲ್ಲ. ಕೆಳಗೆ ಪ್ಯಾಕಿಂಗಿನ ದಪ್ಪ ಇದೆ, ಮೇಲೆ ಏನೂ ಇಲ್ಲ ಅಂದರೆ ಮೇಲಿನ ಎರಡು ಬೋಲ್ಟ್ ಬಿಗಿದಾಗ ಏನಾಗುತ್ತದೆ? ಹೌಸಿಂಗಿನ ತಲೆ ಎಂಜಿನ್ ಕಡೆಗೆ ವಾಲುತ್ತದೆ. ಹಾಗೆ ವಾಲದಿರಲಿ ಅಂತಲೇ ಫೋರ್ಡ್‌ನವರು ಆ ಎರಡು ಬೋಲ್ಟಿನ ಹತ್ತಿರ ಪ್ಯಾಕಿಂಗಿನಷ್ಟೇ ದಪ್ಪದ ಎರಡು ತಗಡಿನ ಶಿಮ್ ಇಡುತ್ತಿದ್ದರು. ಇಂಚನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಹತ್ತು ಪಾಲಿನಷ್ಟು ದಪ್ಪ.

ಅಷ್ಟಕ್ಕೇ ಗೇರ್ ಹಾರುತ್ತದೆಯೇ ಅಂತೀರಾ? ಹಾರುತ್ತದೆ, ಅದೂ ಮೂರನೆಯದೇ ಹಾರುತ್ತದೆ. ಕ್ಲಚ್ಚಿನಿಂದ ಬರುವ ಇನ್‌ಪುಟ್ ಶಾಫ್ಟಿನ ಮೂತಿ ಫ್ಲೈವೀಲಿನ ನಡುವಿನ ಪೈಲಟ್ ಬೇರಿಂಗಿನಲ್ಲಿ ಕೂತಿದೆ, ಅಂದರೆ ಅದು ಎಂಜಿನ್ ತಿರುಗಿಸುವ ಶಾಫ್ಟಾದ ಕ್ರ್ಯಾಂಕಿನ ಮಾತು ಕೇಳುತ್ತದೆ. ಬಾಲ ಗೇರ್‌ಬಾಕ್ಸಿನ ಬೇರಿಂಗಿನಲ್ಲಿದೆ, ಅದು ಹೌಸಿಂಗಿನ ಮಾತು ಕೇಳುತ್ತದೆ. ಹೌಸಿಂಗ್ ಸೊಟ್ಟಗಿದ್ದರೆ ಈ ಶಾಫ್ಟೂ ಹಿಂದಿನ ಮೇನ್ ಶಾಫ್ಟೂ ಒಂದೇ ಗೆರೆಯಲ್ಲಿ ಇರುವುದಿಲ್ಲ. ಮೂರನೇ ಗೇರ್ ಅಂದರೆ ಈ ಎರಡು ಶಾಫ್ಟನ್ನು ನೇರ ಜೋಡಿಸಿಬಿಡೋದು. ಸೊಟ್ಟಗೆ ಜೋಡಿಸಿದ ಹಲ್ಲುಗಳು ಪ್ರತಿ ಸುತ್ತಿಗೂ ಒಂದಿಷ್ಟು ಕೊಸರಾಡಿ ಕೊಸರಾಡಿ ಹೊರಗೆ ತೆವಳುತ್ತವೆ. ಆಕ್ಸಿಲರೇಟರ್ ಒತ್ತಿದಾಗ ಭಾರಕ್ಕೆ ಕಚ್ಚಿಕೊಂಡಿರುತ್ತವೆ, ಕಾಲು ತೆಗೆದ ಕೂಡಲೇ ಕಳಚಿಕೊಳ್ಳುತ್ತವೆ. ಹೊಸ ಗೇರ್ ಹಾಕಿ, ಬೆಳ್ಳಿಯ ಗೇರ್ ಹಾಕಿ, ಇಷ್ಟೇ.

ಇನ್ನೊಂದು ಅಪಾಯವೂ ಇದೆ. ಎಂಜಿನ್ನಿನ ಹಿಂಭಾಗ ಚಾಸಿಸ್ ಮೇಲೆ ನಿಂತಿರುವುದು ಇದೇ ಹೌಸಿಂಗಿನ ಎರಡು ತೋಳುಗಳ ಮೇಲೆ. ಸೊಟ್ಟಗೆ ಬಿಗಿದ ಬೀಡು ಕಬ್ಬಿಣ ಎಷ್ಟು ದಿನ ಸುಮ್ಮನಿರುತ್ತದೆ? ನಿಮ್ಮದರಲ್ಲಿ ಬೋಲ್ಟ್ ತೂತಿನ ಸುತ್ತ ಬಿರುಕು ಇದೆಯೇ ಅಂತ ಟಾರ್ಚ್ ಹಿಡಿದು ನೋಡಿ.

ಎಂಜಿನ್ ಮೊದಲು ಬಿಚ್ಚಿದ ರಾತ್ರಿ ನನಗೆ ಚೆನ್ನಾಗಿ ನೆನಪಿದೆ. ಹೌಸಿಂಗ್ ಕಳಚಿದಾಗ ಜಿಡ್ಡು ಮೆತ್ತಿದ ಎರಡು ತಗಡಿನ ಚೂರು ನೆಲಕ್ಕೆ ಬಿದ್ದವು. ಹಿಂದಿನ ಓನರ್ ಯಾವುದೋ ತೂತು ಮುಚ್ಚಲು ತುರುಕಿದ ಕಸ ಅಂದುಕೊಂಡು ಕಾಫಿ ಡಬ್ಬಿಗೆ ಎಸೆದೆ. ಪ್ಯಾಕಿಂಗ್ ಕಿಟ್ಟಿನಲ್ಲಿ ಅಂಥದ್ದು ಇರಲಿಲ್ಲ. ಕಿಟ್ಟಿನಲ್ಲಿ ಇಲ್ಲದ್ದು ಗಾಡಿಗೆ ಬೇಕಿಲ್ಲ ಅನ್ನುವುದು ನನ್ನ ಆಗಿನ ಜ್ಞಾನ. ಹಗಲೆಲ್ಲ ಹೌಸಿಂಗ್ ಬಾಗುವುದನ್ನೇ ಲೆಕ್ಕ ಹಾಕುವ ಮನುಷ್ಯ, ರಾತ್ರಿ ತನ್ನದೇ ಹೌಸಿಂಗನ್ನು ಸ್ಪ್ಯಾನರ್ ಹಿಡಿದು ಬಾಗಿಸಿದ್ದಾನೆ. ಈಗ ನಗಬಹುದು.

ಅಜ್ಜನ ಗೇಜಿನಲ್ಲಿ ಹೌಸಿಂಗಿನ ಸೊಟ್ಟು ಇಂಚಿನ ಸಾವಿರ ಪಾಲಿನಲ್ಲಿ 14 ಬಂತು. ಇರಬೇಕಾದ್ದು ಹೆಚ್ಚೆಂದರೆ 6. ಕಾಫಿ ಡಬ್ಬಿ ಬೋರಲು ಹಾಕಿ ಅವೇ ಹಳೇ ಶಿಮ್ ಹುಡುಕಿ, ಒರೆಸಿ, ಹಾಕಿ ಬಿಗಿದೆವು. 4 ಬಂತು. ಅವತ್ತಿನಿಂದ ಇವತ್ತಿನವರೆಗೆ ಗೇರ್ ಒಂದು ಸಲವೂ ಹಾರಿಲ್ಲ. ಕ್ಲಚ್ ಬಿಡುವಾಗ ಗಾಡಿ ಗಡಗಡ ನಡುಗುತ್ತಿತ್ತು, ಫ್ಲೈವೀಲ್ ಕೊರೆಸಿದ್ದಕ್ಕೆ ಹೀಗೆ ಅಂತ ಲೇತಿನವನನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಅದೂ ನಿಂತಿತು. ಪಾಪ ಅವನು.

ನೀವು ಮಾಡಬೇಕಾದ್ದು ಹೀಗೆ. ಗೇರ್‌ಬಾಕ್ಸ್ ಇಳಿಸಲೇಬೇಕು, ಅದಕ್ಕೆ ಅಡ್ಡದಾರಿ ಇಲ್ಲ, ಆದರೆ ಅದನ್ನು ಬಿಚ್ಚಬೇಡಿ, ಬಟ್ಟೆ ಮುಚ್ಚಿ ಪಕ್ಕಕ್ಕಿಡಿ. ಕ್ಲಚ್ ತೆಗೆಯಿರಿ, ಫ್ಲೈವೀಲ್ ಅಲ್ಲೇ ಇರಲಿ. ಡಯಲ್ ಗೇಜಿನ ಅಯಸ್ಕಾಂತದ ಬುಡವನ್ನು ಫ್ಲೈವೀಲಿಗೆ ಕಚ್ಚಿಸಿ, ಮುಳ್ಳಿನ ತುದಿಯನ್ನು ಗೇರ್‌ಬಾಕ್ಸ್ ಬಂದು ಕೂರುವ ಹೌಸಿಂಗಿನ ಮುಖಕ್ಕೆ ಮುಟ್ಟಿಸಿ. ಆ ಮುಖದ ಮೇಲೆ ಬಣ್ಣ, ತುಕ್ಕು, ಸುತ್ತಿಗೆ ಪೆಟ್ಟಿನ ಉಬ್ಬು ಇದ್ದರೆ ಮೊದಲು ಸವರಿ ತೆಗೆಯಿರಿ. ಸ್ಪಾರ್ಕ್ ಪ್ಲಗ್ ನಾಲ್ಕೂ ಬಿಚ್ಚಿ, ಎಂಜಿನ್ ಹಗುರವಾಗಿ ತಿರುಗುತ್ತದೆ. ಮೇಲೆ, ಬಲ, ಕೆಳಗೆ, ಎಡ, ನಾಲ್ಕು ಕಡೆ ಓದಿ ಬರೆದುಕೊಳ್ಳಿ. ಪ್ರತಿ ಸಲ ಓದುವ ಮುಂಚೆ ಕ್ರ್ಯಾಂಕನ್ನು ಒಂದೇ ದಿಕ್ಕಿಗೆ ಒತ್ತಿ ಹಿಡಿಯುವುದು ಮರೆಯಬೇಡಿ. ಇಲ್ಲದಿದ್ದರೆ ಕ್ರ್ಯಾಂಕಿನ ಹಿಂದೆ ಮುಂದೆ ಆಟವೂ ಲೆಕ್ಕಕ್ಕೆ ಸೇರಿ, ಇಲ್ಲದ ಸೊಟ್ಟು ಕಾಣುತ್ತದೆ. ನಾನು ಮೊದಲ ಸಲ ಹಾಗೇ ಓದಿ 19 ಅಂದೆ, ಅಜ್ಜ ತಲೆ ಅಲ್ಲಾಡಿಸಿದರು.

ಆರಕ್ಕಿಂತ ಹೆಚ್ಚು ಬಂದರೆ ಮೇಲಿನ ಎರಡು ಬೋಲ್ಟ್ ಸಡಿಲಿಸಿ ಶಿಮ್ ತೂರಿಸಿ, ಬಿಗಿದು ಮತ್ತೆ ಓದಿ. ಹಿತ್ತಾಳೆ ಶಿಮ್ ಹಾಳೆ ತಂದು ಕತ್ತರಿಸಿಕೊಂಡರೂ ನಡೆಯುತ್ತದೆ. ಪೈಲಟ್ ಬೇರಿಂಗ್ ಹೊಸದು ಹಾಕಿಬಿಡಿ. ಇಷ್ಟು ದಿನ ಸೊಟ್ಟ ಶಾಫ್ಟ್ ಹೊತ್ತಿದೆ, ಅದರ ಆಯಸ್ಸು ಮುಗಿದಿರುತ್ತದೆ.

1939ರ ಗೇರ್‌ಬಾಕ್ಸ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಎರಡಕ್ಕೂ ಮೂರಕ್ಕೂ ಗೇರ್ ಕಿರಗುಟ್ಟದೆ ಕೂರಿಸುವ ಸಿಂಕ್ರೊ ಇದೆ, ಹಾಟ್ ರಾಡ್ ಮಂದಿ ಅದಕ್ಕೆ ಮುಗಿಬಿದ್ದದ್ದು ಸುಮ್ಮನೆ ಅಲ್ಲ. ಆದರೆ ನಿಮ್ಮ ಹೌಸಿಂಗಿಗೆ ಅದನ್ನು ಕೂರಿಸಲು ಅಡಾಪ್ಟರ್ ಬೇಕು, ಡ್ರೈವ್‌ಶಾಫ್ಟಿನ ಕೊಳವೆಗೆ ಕತ್ತರಿ ಹಾಕಬೇಕು. ಇಷ್ಟೆಲ್ಲ ಮಾಡಿ ಕಟ್ಟುವುದು ಅದೇ ಸೊಟ್ಟ ಹೌಸಿಂಗಿಗೆ. ಬರೀ ಗೇರ್ ಕಿರಗುಟ್ಟುತ್ತದೆ ಅನ್ನುವುದಕ್ಕೆ ಅದು ಬೇಕಿದ್ದರೆ ಗೇರ್ ಬದಲಿಸುವಾಗ ಎರಡು ಸಲ ಕ್ಲಚ್ ಒತ್ತುವ ಡಬಲ್ ಕ್ಲಚ್ ಕಲಿಯಿರಿ. ನಮ್ಮ ಕಡೆ ಹಳೇ ಲಾರಿ ಡ್ರೈವರುಗಳು ಎಲೆ ಅಡಿಕೆ ಜಗಿಯುತ್ತಾ ಮಾಡುತ್ತಿದ್ದ ಕೆಲಸ ಮಾರಾಯ್ರೇ, ಒಂದು ವಾರದಲ್ಲಿ ಬರುತ್ತದೆ. ಆ ದುಡ್ಡು ಉಳಿದರೆ ಹೈಡ್ರಾಲಿಕ್ ಬ್ರೇಕ್ ಹಾಕಿಸಿ. ಕಂಪ್ರೆಷನ್ ಏರಿಸಿದ ಗಾಡಿಗೆ ಸರಳಿನ ಬ್ರೇಕ್ ಇಟ್ಟುಕೊಂಡು ಗೇರ್‌ಬಾಕ್ಸಿನ ಚಿಂತೆ ಮಾಡುವುದು ನನಗೆ ಅರ್ಥವಾಗುವುದಿಲ್ಲ.

ಫ್ಲೈವೀಲ್ ಇನ್ನೂ ಹಗುರ ಮಾಡಲೇ ಅಂತಲೂ ಕೇಳಿದ್ದೀರಿ. ಬೇಡ. 40 ಪೌಂಡಿನ ಕೆಳಗೆ ಹೋದರೆ ಸಿಗ್ನಲ್ಲಿನಲ್ಲಿ ಹೊರಡುವಾಗ ಎಂಜಿನ್ ಆಫ್ ಆಗಿ ಹಿಂದಿನವರ ಹಾರ್ನ್ ಕೇಳಬೇಕಾಗುತ್ತದೆ.

ಗೇಜ್ ಓದಿದ ಮೇಲೆ ನಾಲ್ಕು ಅಂಕಿಯನ್ನೂ ಇಲ್ಲೇ ಬರೆಯಿರಿ. ನಾಲ್ಕೂ ಆರರೊಳಗೆ ಇದ್ದು, ಆಗಲೂ ಗೇರ್ ಹಾರಿದರೆ ನಾನು ಸೋತೆ, ಗೇರ್‌ಬಾಕ್ಸ್ ಬಿಚ್ಚಿ. ಹೊಸ ಗೇರ್ ಕೊಳ್ಳಬೇಡಿ. ನಾನು ವಿನಾಕಾರಣ ಕಿತ್ತ ಹಳೇ ಸೆಟ್ ಗ್ರೀಸ್ ಹಚ್ಚಿ ಕಪಾಟಿನಲ್ಲಿ ಇಟ್ಟಿದ್ದೇನೆ. ಅದಕ್ಕೆ ಅವತ್ತೂ ಏನೂ ಆಗಿರಲಿಲ್ಲ. ಪಾರ್ಸೆಲ್ ಖರ್ಚು ಕೊಟ್ಟರೆ ಕಳಿಸುತ್ತೇನೆ.